ಸುಮ್ಮನೆ ಕೈ ಇಡುವ ಚಿಕಿತ್ಸೆ

ನಮ್ಮ ಚಿಕ್ಕಮ್ಮ ದೇವತೆಯಂತೆ. ಹಾಗೆನ್ನುವವರು ಅವಳ ಗಿರಾಕಿಗಳು, ನಾನಲ್ಲ. ಅವಳ ಮಾಲೀಶಿನ ಅಂಗಡಿಯ ಬಾಗಿಲಲ್ಲಿ ಕೂತು ಸರದಿ ಕೂಗುವವಳು ನಾನು; ದೇವತೆಯ ಬಾಯಿ ಎಂಥದ್ದು ಎಂದು ನನಗೆ ಚೆನ್ನಾಗಿ ಗೊತ್ತು.

ಮೊದಲೆಲ್ಲ ಅವಳು ಒತ್ತಿದರೆ ಮೂಳೆ ಲಟಲಟ ಎನ್ನುತ್ತಿತ್ತು. ಮೇಜಿನ ಮೇಲೆ ಮಲಗಿದವರು ಅಯ್ಯೋ ಅಪ್ಪಾ ಎಂದರೆ, ಇಷ್ಟು ದಿನ ಸಾಕಿಕೊಂಡ ನೋವು ಪುಕ್ಕಟೆ ಹೋಗುತ್ತದಾ ಎಂದು ಗದರಿ ಇನ್ನೆರಡು ಸಲ ಒತ್ತುತ್ತಿದ್ದಳು. ಬೈಸಿಕೊಂಡವರು ನೆಟ್ಟಗೆ ನಡೆದು ಮನೆಗೆ ಹೋಗುತ್ತಿದ್ದರು. ಆಮೇಲೆ ಅವಳ ಹೆಬ್ಬೆರಳ ಗೆಣ್ಣುಗಳು ಊದಿಕೊಂಡವು. ಎಣ್ಣೆ ಬಾಟಲಿಯ ಮುಚ್ಚಳ ತೆಗೆಯುವುದಕ್ಕೂ ನನ್ನನ್ನೇ ಕರೆಯುವಂತಾಯಿತು. ಯಾರ ಹತ್ತಿರವಾದರೂ ಬಾಯಿ ಬಿಟ್ಟರೆ ನಿನ್ನ ನಾಲಿಗೆ ಕೀಳುತ್ತೇನೆ ಎಂದಳು. ಕೈ ಹೋಯಿತೆಂದು ಗೊತ್ತಾದರೆ ತನ್ನನ್ನು ಕೇಳುವವರು ಯಾರು ಎಂಬ ಭಯ ಅವಳಿಗೆ.

ಆ ವಾರವೇ ಕತ್ತು ಹಿಡಿದುಕೊಂಡು ಬಂದವರು ಪಕ್ಕದ ಶಾಲೆಯ ಹೆಡ್‌ಮಿಸ್. ಚಿಕ್ಕಮ್ಮ ಒತ್ತಲು ಹೋಗಿ, ಆಗದೆ, ಎರಡೂ ಕೈಗಳನ್ನು ಅವರ ಬೆನ್ನ ಮೇಲಿಟ್ಟು ಹಲ್ಲು ಕಚ್ಚಿ ನಿಂತಳು. ಹೆಡ್‌ಮಿಸ್ ಬಿಕ್ಕಿ ಬಿಕ್ಕಿ ಅತ್ತರು. ಈ ಜನ್ಮದಲ್ಲಿ ತನ್ನನ್ನು ಯಾರೂ ಇಷ್ಟು ಮೆತ್ತಗೆ ಮುಟ್ಟಿರಲಿಲ್ಲವಂತೆ. ದೇಹದ ಮಾತು ಕೇಳುವ ಚಿಕಿತ್ಸೆ ಎಂದು ಅವರೇ ನಾಮಕರಣ ಮಾಡಿ ಊರೆಲ್ಲ ಸಾರಿದರು. ಮರುವಾರದಿಂದ ನಮ್ಮ ಬೆಂಚಿನಲ್ಲಿ ಜಾಗವಿಲ್ಲ.

"ನಾನೇನೂ ಮಾಡಿಲ್ಲ ಕಣೇ, ಸುಮ್ನೆ ಕೈ ಇಟ್ಟೆ," ಎಂದು ಚಿಕ್ಕಮ್ಮ ತಲೆ ಚಚ್ಚಿಕೊಂಡಳು.

ಬಂದವರ ಕಥೆ ಕೇಳಬೇಕು! ಒಬ್ಬಳ ಎಡ ಮೊಣಕಾಲಲ್ಲಿ ತೀರಿಹೋದ ಅತ್ತೆಯ ಕೋಪ ಕೂತಿತ್ತಂತೆ. ಬ್ಯಾಂಕಿನ ಮ್ಯಾನೇಜರೊಬ್ಬರ ಹೊಟ್ಟೆಯಲ್ಲಿ ಬಾಲ್ಯ ಗಂಟು ಕಟ್ಟಿತ್ತಂತೆ. ನನಗೆ ಕಂಡದ್ದು ಬರೀ ಹೊಟ್ಟೆ. ಏನು ಹೇಳಬೇಕೋ ತೋಚದೆ ಚಿಕ್ಕಮ್ಮ ಹೂಂ ಎನ್ನುವಳು. ಆ ಹೂಂನಲ್ಲಿ ಎಷ್ಟು ಆಳವಿದೆ ಎಂದು ಹೊರಗೆ ಬೆಂಚಿನ ಮೇಲೆ ಚರ್ಚೆ ನಡೆಯುತ್ತಿತ್ತು. ಕೈ ನೋವು ತಡೆಯಲಾರದೆ ಅವಳು ಉಸಿರು ಬಿಗಿಹಿಡಿದರೆ ಮಲಗಿದವರೂ ಭಕ್ತಿಯಿಂದ ಉಸಿರು ಹಿಡಿಯುತ್ತಿದ್ದರು. ಅವಳ ಮುಖ ನೋಡಿದವರು ಒಬ್ಬರೂ ಇಲ್ಲ. ಎಲ್ಲರೂ ಬೋರಲು ಮಲಗಿದವರೇ.

ಮೊನ್ನೆ, ಮೂಟೆ ಹೊತ್ತು ಬದುಕಿದ ಮುದುಕನೊಬ್ಬ ಗೋಡೆ ಹಿಡಿದುಕೊಂಡು, ಪೂರ್ತಿ ಬಗ್ಗಿ ಬಂದ. ಹಿಂದೆ ಚಿಕ್ಕಮ್ಮ ಎಷ್ಟೋ ಸಲ ಅವನ ಸೊಂಟ ಸರಿ ಮಾಡಿದ್ದಳು. ಅವನನ್ನು ಕಂಡದ್ದೇ ಅವಳ ಮುಖ ಬಿಳಿಚಿತು. ಅವನಿಗೆ ಹಳೆಯ ಕೈ ಗೊತ್ತು. ಸುಮ್ಮನೆ ಕೈ ಇಟ್ಟರೆ ಗುಟ್ಟು ರಟ್ಟಾಗುತ್ತದೆ. ವಾಪಸ್ ಕಳಿಸು ಎಂದು ನಾನು ಕಣ್ಸನ್ನೆ ಮಾಡಿದೆ. ಅವಳ ಜಂಬ ಬಿಡಬೇಕಲ್ಲ! ಒಳಗೆ ಕರೆದು ಪರದೆ ಎಳೆದಳು.

"ಏನು ತಂಗೀ, ನಿದ್ದೆ ಬಂತಾ? ಒತ್ತು," ಎಂದ ಮುದುಕ.

ಒತ್ತಿದಳು. ಆಗ ಕೇಳಿದ ಚೀರಾಟ ಮುದುಕನದಲ್ಲ.

ಬೆಂಚಿನ ಮೇಲಿದ್ದವರು ಅದು ಅವನದೇ ಎಂದುಕೊಂಡು ಕಣ್ಣು ಮುಚ್ಚಿ, ಅಬ್ಬಾ ಎಂಥ ಬಿಡುಗಡೆ, ನಮಗೆ ಮಾತ್ರ ಹೀಗಾಗುವುದಿಲ್ಲ ಎಂದು ಹೊಟ್ಟೆ ಉರಿದುಕೊಂಡರು. ಅವರನ್ನೆಲ್ಲ ಬೆಂಚಿನ ಸಮೇತ ಬೀದಿಗೆ ಎಸೆಯಬೇಕು ಎನಿಸಿತು ನನಗೆ.

ಮುದುಕ ಪರದೆ ಸರಿಸಿ ಹೊರಗೆ ಬಂದ. ಸೊಂಟ ಬಗ್ಗಿದ ಹಾಗೇ ಇತ್ತು. ಚಿಕ್ಕಮ್ಮನ ಬಲಗೈಯನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಿದ್ದ.

"ಇವಳ ಬೆರಳು ಪೂರ್ತಿ ಹೋಗಿದೆ. ದಿನಾ ಬರ್ತೀರಲ್ಲ, ಒಬ್ಬರಿಗೂ ಗೊತ್ತಾಗ್ಲಿಲ್ವಾ?"

ಚಿಕ್ಕಮ್ಮ ತಲೆ ತಗ್ಗಿಸಿದಳು. ಮುಗಿಯಿತು, ಇನ್ನು ಅಂಗಡಿಗೆ ಬೀಗ ಎಂದುಕೊಂಡೆ. ಹೆಡ್‌ಮಿಸ್ ಬೆಂಚಿನಿಂದೆದ್ದು, ಕಣ್ಣಲ್ಲಿ ನೀರು ತುಂಬಿಕೊಂಡು, ನೊಂದ ಕೈ ಆದ್ದರಿಂದಲೇ ನಮ್ಮ ನೋವು ಅದಕ್ಕೆ ತಿಳಿದದ್ದು ಎಂದರು. ಉಳಿದವರು ಹೌದೌದು ಎಂದು ತಲೆಯಾಡಿಸಿದರು. ಆಮೇಲೆ ಹೆಡ್‌ಮಿಸ್ ಕಣ್ಣೊರೆಸಿಕೊಂಡು, "ಮುಂದಿನ ಸರದಿ ನಂದೇ ಅಲ್ವಾ?" ಎಂದು ನನ್ನನ್ನು ಕೇಳಿದರು.

ಚಿಕ್ಕಮ್ಮ ತಲೆ ಎತ್ತಿದಳು. ಎಡಗೈಯನ್ನು ಅವರ ಮುಂದೆ ಚಾಚಿದಳು.

"ಎರಡು ನಿಮಿಷ ಇದನ್ನ ಹಿಡ್ಕೊಳ್ಳಿ ಮೇಡಂ. ಒತ್ತೋದೇನೂ ಬೇಡ."

ಹೆಡ್‌ಮಿಸ್ ಊದಿದ ಗೆಣ್ಣನ್ನೂ ಎಣ್ಣೆಯ ಜಿಡ್ಡನ್ನೂ ನೋಡಿದರು. ಶಾಲೆಗೆ ಹೊತ್ತಾಯಿತು ಎಂದು ಬ್ಯಾಗು ಎತ್ತಿಕೊಂಡು ಹೊರಟರು. ಉಳಿದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಚಿಕ್ಕಮ್ಮ ಆ ಕೈಯನ್ನು ಚಾಚಿಕೊಂಡೇ ನಿಂತಿದ್ದಳು. ನಾನು ಹೋಗಿ ಹಿಡಿದುಕೊಂಡೆ.

"ಮೆತ್ತಗೆ ಹಿಡಿಯೇ, ದರಿದ್ರದವಳೇ," ಎಂದಳು.