ಮದಗ ಚಂದ ಉಂಟು

ಬೆಳ್ಮಣ್ಣಿನ ನಮ್ಮ ಮದಗ ಹೂಳು ತುಂಬಿ, ಕೆರೆಯೋ ಗದ್ದೆಯೋ ತಿಳಿಯದಂತಾಗಿತ್ತು. ಅದನ್ನು ಉಳಿಸುವ ಸಮಿತಿಗೆ ನಿವೃತ್ತ ಮಾಷ್ಟ್ರನ್ನು ಅಧ್ಯಕ್ಷರನ್ನಾಗಿ ಮಾಡಿದ ತಪ್ಪು ನನ್ನದೇ. ನೆರವು ಕೇಳಲು ಯಾರ ಮನೆಗೆ ಹೋದರೂ ಮನವಿ ಪತ್ರವಿದ್ದ ಜೇಬನ್ನು ಸವರುತ್ತಾ ಕುಳಿತು, "ಸುಮ್ಮನೆ ಬಂದದ್ದು" ಎಂದು ಎದ್ದು ಬರುವವರು ಅವರು.

ಮಣಿಪಾಲದಲ್ಲಿ ನಾಲ್ಕು ಜೆಸಿಬಿ ಇಟ್ಟುಕೊಂಡಿದ್ದ ಅವರ ಹಳೆಯ ಶಿಷ್ಯ ಒಮ್ಮೆ ನಾವು ಅವನ ಮನೆಗೆ ಹೋದಾಗ ತಾನಾಗಿಯೇ ಕೇಳಿದ: "ನಾವು ಈಜುತ್ತಿದ್ದ ಮದಗ ಹೇಗುಂಟು ಮಾಷ್ಟ್ರೇ?"

ನಾನು ಬಾಯಿ ತೆರೆಯುವ ಮೊದಲೇ ಇವರು, "ಚಂದ ಉಂಟು" ಎಂದರು.

"ಹಾಗಾದರೆ ಭಾನುವಾರ ಮಕ್ಕಳನ್ನು ಈಜಲಿಕ್ಕೆ ಕರ್ಕೊಂಡು ಬರ್ತೇನೆ."

"ಬಾ, ಬಾ."

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ರೇಗಿದೆ.

"ಊರು ಬಿಟ್ಟವನ ಹತ್ತಿರ ಊರಿನ ದೂರು ಹೇಳುವುದಾ ಮಾರಾಯ?" ಎಂದು ನನ್ನನ್ನೇ ಗದರಿದರು.

ಕಟಪಾಡಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು: "ಇವತ್ತು ಗುರುವಾರ. ನಾವಿಬ್ಬರು ನಾಳೆಯೇ ಹಾರೆ, ಬುಟ್ಟಿ ಹಿಡಿದು ಇಳಿದರೆ ಭಾನುವಾರಕ್ಕೆ ಆಗಬಹುದು, ಅಲ್ವಾ?"