ದ್ರಾಕ್ಷಿ ಗಾಡಿಗೆ ಕಬ್ಬಿನ ಪಾಟಾ

೧೯೮೧ರಲ್ಲಿ ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನಾಗಿಯೇ ಬಿಟ್ಟೆ. ಅಂಕಲಿಯಿಂದ ಕಬ್ಬು ಹೇರುವ ಟ್ರಕ್ಕಿನ ಕ್ಲೀನರ್ ಆದೆ. ಆರು ವರ್ಷಕ್ಕೆ ಸ್ಟೇರಿಂಗ್ ಕೈಗೆ ಬಂತು. ಹನ್ನೆರಡು ಹಂಗಾಮು ಕಬ್ಬಿನಲ್ಲೇ ಕಳೆದೆ. ೧೯೯೩ರಲ್ಲಿ ಹಳೆಯದೊಂದು ಪಿಕಪ್ ಕೊಂಡೆ. ಹಳೆಯದಾದರೂ ನನ್ನದು. ಅದರ ಬಾಗಿಲು ಹಾಕುವ ಸಪ್ಪಳಕ್ಕೇ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಪಿಕಪ್ಪಿಗೆ ಕಬ್ಬು ಒಗ್ಗುವುದಿಲ್ಲ. ಮರುವರ್ಷ ಮಾಘದ ಹೊತ್ತಿಗೆ ಕಾಗವಾಡದ ಕಡೆ ಒಬ್ಬ ಜೈನ ರೈತರ ದ್ರಾಕ್ಷಿ ತೋಟದ ಬಾಡಿಗೆ ಸಿಕ್ಕಿತು. ತೋಟದಿಂದ ನಿಪ್ಪಾಣಿಯ ವ್ಯಾಪಾರಿಯ ಅಂಗಡಿಗೆ ಮಾಲು ಮುಟ್ಟಿಸಬೇಕು. ರೈತರು ನನಗಿಂತ ಹಿರಿಯರು, ನಾನು ಅವರಿಗೆ ಅಣ್ಣಾರ ಎನ್ನುತ್ತಿದ್ದೆ. ತೋಟಕ್ಕೆ ಡಾಂಬರು ರಸ್ತೆಯಿಂದ ಅರ್ಧ ಮೈಲಿ ಗಾಡಿದಾರಿ. ಕಬ್ಬಿನ ಎತ್ತಿನಗಾಡಿಗಳು ಓಡಾಡಿ ಆ ಎರೆಮಣ್ಣಿನಲ್ಲಿ ಎರಡೂ ಕಡೆ ಆಳವಾದ ಜಾಡು ಬಿದ್ದಿದ್ದವು, ನಡುವೆ ಎಮ್ಮೆಯ ಬೆನ್ನಿನಂಥ ದಿಬ್ಬ. ನನ್ನ ಗಾಡಿಯ ಹಿಂದಿನ ಆಕ್ಸಲ್ ಹೇಗೋ ದಿಬ್ಬವನ್ನು ಸವರಿಕೊಂಡು ದಾಟುತ್ತಿತ್ತು. ಆದರೆ ಗಾಡಿಯ ಹೊಟ್ಟೆ ಜೋತುಬಿದ್ದಿತ್ತು. ಮೊದಲ ದಿನವೇ ಸೈಲೆನ್ಸರ್ ಕಿತ್ತುಹೋಗಿ, ಗೇರ್‌ಬಾಕ್ಸಿನ ತಳ ದಿಬ್ಬದ ಮೇಲೆ ಕೂತಿತು.

ಅಣ್ಣಾರು ಊಟಕ್ಕೆ ಕೂಡುವವರಿದ್ದರು, ತಾಟು ಬಿಟ್ಟು ಬಂದರು. ಸಲಿಕೆ ಹಿಡಿದು ದಿಬ್ಬ ಕೆತ್ತಿದೆವು, ಹೆಗಲು ಕೊಟ್ಟು ನೂಕಿದೆವು. ಗಾಡಿ ಹೊರಬರುವಷ್ಟರಲ್ಲಿ ಹೊತ್ತು ಮುಳುಗಿತು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆ ದಿನ ಅವರು ಉಪವಾಸ ಮಲಗಿದರು. ನಾನು ಹೊರಡುವಾಗ ಇಷ್ಟೇ ಹೇಳಿದರು:

“ಮಾಲು ತ್ವಾಟದಾಗಿಂದನ ಹೇರಬೇಕ ನೋಡಪಾ. ರೋಡಿನ ತನಕಾ ತಲಿ ಮ್ಯಾಲ ಹೊತ್ರ ಗೊನಿ ಉದರತಾವ. ನಿನ್ನ ಗಾಡಿ ಒಳಗ ಬಂದ್ರ ಸೀಸನ್ ಪೂರಾ ನಿನಗ. ಇಲ್ಲಂದ್ರ ಟ್ರ್ಯಾಕ್ಟರಿಗೆ ಹೇಳ್ತೀನಿ.”

ಆ ಹಂಗಾಮು ಕೈಬಿಟ್ಟರೆ ಗಾಡಿ ಮನೆಮುಂದೆ ನಿಲ್ಲುವುದು ಖಾತ್ರಿ. ಗಾಡಿ ಎತ್ತರಿಸಬೇಕು, ಅದೂ ಕಡಿಮೆ ದುಡ್ಡಿನಲ್ಲಿ. ಚಿಕ್ಕೋಡಿಯಲ್ಲಿ ದೊಡ್ಡ ಟೈರು ವಿಚಾರಿಸಿದೆ. ನಾಲ್ಕು ಟೈರಿಗೆ ಗಾಡಿಯ ಬೆಲೆಯ ಕಾಲುಭಾಗ ಹೇಳಿದರು, ಮೇಲಾಗಿ ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆಂದರು. ಹಾರೂಗೇರಿಯ ವೆಲ್ಡಿಂಗ್ ಅಂಗಡಿಯವನು ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಗಟ್ಟಿ ಇಟ್ಟು ಉದ್ದನೆಯ ಬೋಲ್ಟಿನಿಂದ ಬಿಗಿದುಕೊಡುತ್ತೇನೆ ಎಂದ. ಅಗ್ಗ ನಿಜ, ಆದರೆ ಅಂಥ ಗಟ್ಟಿ ಜಾರಿ ಗಾಡಿಯೊಂದು ಅಡ್ಡಾದದ್ದನ್ನು ನಾನೇ ನೋಡಿದ್ದೆ. ಉಳಿದದ್ದು ಪಾಟಾ. ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಕಬ್ಬಿನ ಟ್ರಕ್ಕು ಕುಸಿದರೆ ಪಾಟಾ ಹೆಚ್ಚಿಗೆ ಹಾಕುವುದು, ಮತ್ತೆ ಕುಸಿದರೆ ಮತ್ತೊಂದು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಗುಜರಿಯಲ್ಲಿ ಟ್ರಕ್ಕಿನ ನಾಲ್ಕು ಪಾಟಾ ಆರಿಸಿಕೊಂಡು ನಿಪ್ಪಾಣಿಯ ಪಾಟಾ ಮಿಸ್ತ್ರಿಯ ಹತ್ತಿರ ಹೋದೆ. ಬಿಳಿ ಗಡ್ಡದ ಮುದುಕ. ಗಾಡಿ ಯಾರದೇ ಇರಲಿ, ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದ.

“ಏನ ಹೇರ್ತಿ ತಮ್ಮಾ?”

ಅಂಗಡಿಯ ಮುಂದೆ ನನ್ನ ಹಳೆಯ ಜೊತೆಗಾರರು, ಕಬ್ಬಿನ ಡ್ರೈವರುಗಳು ನಾಲ್ಕೈದು ಜನ ಚಹಾ ಕುಡಿಯುತ್ತ ನಿಂತಿದ್ದರು. ದ್ರಾಕ್ಷಿ ಹೇರುವವನನ್ನು ಅವರು ಹಣ್ಣಿನ ಬುಟ್ಟಿ ಹೊತ್ತವನೆಂದು ಆಡಿಕೊಳ್ಳುತ್ತಿದ್ದರು. ಅವರೆದುರು ಹೇಳಲು ನನಗೆ ಮನಸ್ಸಾಗಲಿಲ್ಲ.

“ಏನರೆ ಹೇರಲಿ ಬಿಡ್ರಿ. ಕಬ್ಬಿನ ಗಾಡಿಗೆ ಹೆಂಗ ಹಾಕ್ತೀರಿ, ಹಂಗ ಹಾಕ್ರಿ” ಎಂದೆ.

ಮುದುಕ ನನ್ನ ಮುಖ ನೋಡಿದ, ಗಾಡಿಯನ್ನೂ ನೋಡಿದ. ಮತ್ತೆ ಕೇಳಲಿಲ್ಲ. ಅಳತೆಗೆ ಕತ್ತರಿಸಿ ಒಂದೊಂದು ಗಾಲಿಗೆ ಒಂದೊಂದರಂತೆ ನಾಲ್ಕನ್ನೂ ಹಾಕಿ ಬಿಗಿದ. ಗಾಡಿ ಐದು ಬೆರಳು ಮೇಲೆದ್ದಿತು. ಮನೆಗೆ ತಂದು ನಿಲ್ಲಿಸಿದಾಗ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಸುತ್ತ ಒಂದು ಸುತ್ತು ಬಂದಳು. ಗಾಡಿ ಎತ್ತರ ಆಯಿತೋ ಗಾಡಿಯವರು ಎತ್ತರ ಆದರೋ ಎಂದು ಕೇಳಿದಳು. ನಾನು ಎರಡೂ ಎಂದೆ.

ಮರುದಿನ ತೋಟದ ದಾರಿಯ ದಿಬ್ಬದ ಮೇಲೆ ಗಾಡಿ ಹುಲಿಯ ಹಾಗೆ ಹೋಯಿತು, ಎಲ್ಲಿಯೂ ತಳ ತಾಗಲಿಲ್ಲ. ಹೊತ್ತು ಇರುವಾಗಲೇ ಹೇರಿ ಮುಗಿಸಿ ನಿಪ್ಪಾಣಿ ಮುಟ್ಟಿದೆ. ವ್ಯಾಪಾರಿ ಮೊದಲ ಕ್ರೇಟು ಎತ್ತಿದ, ಗೊನೆ ಹಿಡಿದ. ಕೈಯಲ್ಲಿ ಬರಿ ದೇಟು ಬಂತು. ಹಣ್ಣುಗಳೆಲ್ಲ ಉದುರಿ, ತಳದಲ್ಲಿ ರಸದಲ್ಲಿ ತೊಯ್ದು ಬಿದ್ದಿದ್ದವು. ಎರಡನೆಯದು, ಮೂರನೆಯದು, ಅವುಗಳದೂ ಅದೇ ಪಾಡು. ಏನು ತಂದಿ ಇದು ಎಂದು ಮರಾಠಿಯಲ್ಲೇ ಬೈದು ಅರ್ಧ ಮಾಲು ತಿರುಗಿ ಕಳಿಸಿದ.

ತೋಟಕ್ಕೆ ಹೋಗುವಾಗ ಖಾಲಿ ಗಾಡಿಯಲ್ಲಿ ನನ್ನ ತಲೆ ಮೇಲಿನ ತಗಡಿಗೆ ಬಡಿದದ್ದು ನೆನಪಾಯಿತು. ಹತ್ತು ಟನ್ನು ಕಬ್ಬು ಕೂತಾಗ ಬಾಗಬೇಕಾದ ಪಾಟಾ ಒಂದು ಟನ್ನು ದ್ರಾಕ್ಷಿಗೆ ಬಾಗುತ್ತದೆಯೇ? ಒಂದೊಂದು ಕಲ್ಲಿನ ಪೆಟ್ಟೂ ನೇರವಾಗಿ ಗೊನೆಗೆ ಹೋಗಿತ್ತು.

ಅಣ್ಣಾರಿಗೆ ನಾನೇ ಹೋಗಿ ಹೇಳಿದೆ, ರಸ್ತೆಯ ಮೇಲೆ ತಪ್ಪು ಹಾಕಲಿಲ್ಲ. ಅವರು ಉದುರಿದ ಹಣ್ಣನ್ನು ಗೋಣಿತಟ್ಟಿನ ಮೇಲೆ ಹರವಿಸಿದರು, ಒಣದ್ರಾಕ್ಷಿಗಾದರೂ ಆಗಲಿ ಎಂದು. ಮುಂದಿನ ಕೊಯ್ಲು ನಾಲ್ಕನೇ ದಿನಕ್ಕೆ ಇತ್ತು. ಅಲ್ಲಿಯ ತನಕ ಟ್ರ್ಯಾಕ್ಟರಿಗೆ ಹೇಳುವುದಿಲ್ಲ ಎಂದರು.

ಮರುದಿನ ಮಿಸ್ತ್ರಿಯ ಅಂಗಡಿಗೆ ಹೋದೆ. ಮುಂದೆ ಅದೇ ಡ್ರೈವರುಗಳು. ಮುದುಕ ತಲೆ ಎತ್ತದೆಯೇ ಕೇಳಿದ.

“ಏನ ಹೇರ್ತಿ?”

“ದ್ರಾಕ್ಷಿರಿ.”

“ಮೊನ್ನೆನ ಹೇಳಿದ್ರ ನಿನ್ನ ಮೀಸಿ ಉದರತಿದ್ದೂ ಏನ?”

ಹಿಂದೆ ಯಾರೋ ನಕ್ಕರು. ನಾನು ತಿರುಗಿ ನೋಡಲಿಲ್ಲ.

ಅವನು ಗಾಡಿಯ ಮೂಲ ಪಾಟಾಗಳನ್ನು ಬಿಚ್ಚಿ ನೆಲದ ಮೇಲಿಟ್ಟು ತೋರಿಸಿದ. ವರ್ಷಾನುಗಟ್ಟಲೆ ಭಾರ ಹೊತ್ತು ಅವು ಬಾಗು ಕಳೆದುಕೊಂಡು ಹಲಗೆಯಂತೆ ಚಪ್ಪಟೆಯಾಗಿದ್ದವು. ಗಾಡಿಗೆ ಹೊಸ ಕಾಲು ಬೇಡ, ಕುಕ್ಕರುಗಾಲಲ್ಲಿ ಕೂತದ್ದನ್ನು ಎಬ್ಬಿಸಿದರೆ ಸಾಕು ಎಂದ. ಕಬ್ಬಿನ ನಾಲ್ಕೂ ಪಾಟಾ ತೆಗೆದು ಬದಿಗೆ ಎಸೆದ. ಮೂಲದವನ್ನು ಒಂದೊಂದಾಗಿ ಅಡೆಗಲ್ಲಿನ ಮೇಲಿಟ್ಟು, ಕಾಯಿಸದೆಯೇ, ಇಂಚು ಇಂಚಿಗೆ ಸುತ್ತಿಗೆ ಹೊಡೆದು ಬಾಗಿಸಿದ. ನಾನು ಇಕ್ಕಳದಲ್ಲಿ ಹಿಡಿದುಕೊಂಡು ಕೂತೆ. ನಾಲ್ಕು ಬೆರಳು ಎತ್ತರ ಸಿಕ್ಕಿತು. ಖರ್ಚು ಅವನ ಕೂಲಿ ಅಷ್ಟೇ, ಗುಜರಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಟೈರಿನ ಗಾಳಿ ಸ್ವಲ್ಪ ಇಳಿಸಲು ಹೇಳಿದ. ತುಂಬಿದ ಕೊಡ ಇಟ್ಟು ಗಾಡಿ ಹೊಡೆದು ನೋಡು, ನೀರು ಚೆಲ್ಲದಿದ್ದರೆ ದ್ರಾಕ್ಷಿಯೂ ಉದುರುವುದಿಲ್ಲ ಎಂದ.

ಅಂಕಲಿಯಲ್ಲಿ ಉಸುಕಿನ ಚೀಲ ಹೇರಿ, ಹಿಂದೆ ಕೊಡ ಇಟ್ಟೆ. ಕೊಡ ಹಿಡಿಯಲು ಹೆಂಡತಿಯೇ ಹತ್ತಿದಳು. ಹೊಳೆಯ ದಾರಿಗೆ ಹೊಡೆದುಕೊಂಡು ಹೋಗಿ ಬಂದೆ. ಇಳಿದು ಕೇಳಿದೆ.

“ಎಷ್ಟ ಚೆಲ್ಲಿತ?”

“ಒಂದ ಬೊಗಸಿ. ಮೊನ್ನೆ ಗಾಡಿಯಾಗ ಆಗಿದ್ರ ನಾನೂ ಚೆಲ್ಲತಿದ್ದೆ.”

ನಾಲ್ಕನೇ ದಿನ ದಿಬ್ಬದ ಮೇಲೆ ಸೈಲೆನ್ಸರ್ ಒಂದು ಕಡೆ ಮಾತ್ರ ಸವರಿತು, ಗಾಡಿ ನಿಲ್ಲಲಿಲ್ಲ. ಹೇರುವುದು ಮುಗಿದಾಗ ಬಿಸಿಲು ಇನ್ನೂ ಬೇವಿನ ಮರದ ಮೇಲಿತ್ತು. ಅಣ್ಣಾರು ಕೈಕಾಲು ತೊಳೆದು ಊಟಕ್ಕೆ ಕೂತರು, ಪಕ್ಕದಲ್ಲಿ ನನಗೂ ತಾಟು ಹಾಕಿಸಿದರು. ನಿಪ್ಪಾಣಿಯಲ್ಲಿ ವ್ಯಾಪಾರಿ ಗೊನೆ ಎತ್ತಿ, ಒಮ್ಮೆ ಕೊಡವಿ, ಕ್ರೇಟನ್ನು ತಕ್ಕಡಿಗೆ ಇಟ್ಟ. ಆ ಹಂಗಾಮು ಪೂರ್ತಿ ನನ್ನದಾಯಿತು, ಮುಂದಿನ ಒಂಬತ್ತು ಹಂಗಾಮುಗಳೂ.

ಈಗ ಗಾಡಿ ಎತ್ತರಿಸುವ ವಿಚಾರಕ್ಕೆ ಯಾರಾದರೂ ನನ್ನ ಹತ್ತಿರ ಬಂದರೆ, ಏನು ಹೇರುತ್ತೀ ಎಂದು ಮೊದಲು ಕೇಳುತ್ತೇನೆ. ಹೇಳದವರಿಗೆ ಚಹಾ ಕೊಟ್ಟು ಕಳಿಸುತ್ತೇನೆ.

ಇವತ್ತು ನನ್ನ ಹತ್ತಿರ ಎರಡು ಪಿಕಪ್ ಇವೆ, ಎರಡಕ್ಕೂ ಕಂಪನಿ ಕೊಟ್ಟಷ್ಟೇ ಪಾಟಾ. ಮೂರು ಎಕರೆ ಹೊಲ, ಒಂದು ಬಾವಿ, ನಾಲ್ಕು ಖೋಲಿಯ ಮನೆ. ಮಿಸ್ತ್ರಿಯ ಅಂಗಡಿಯಿಂದ ತಿರುಗಿ ತಂದ ಗುಜರಿಯ ಆ ನಾಲ್ಕು ಪಾಟಾಗಳಲ್ಲಿ ಎರಡು ಕಮ್ಮಾರನ ಕೈಯಲ್ಲಿ ಕುಡಗೋಲಾದವು, ಒಂದು ದನದ ಕೊಟ್ಟಿಗೆಯ ಬಾಗಿಲಿಗೆ ಅಗಳಿಯಾಗಿದೆ. ಒಂದು ಹಾಗೇ ಉಳಿದಿದೆ, ಗಾಡಿ ಎತ್ತರಿಸಲು ಕೇಳಿಕೊಂಡು ಬಂದವರಿಗೆ ತೋರಿಸುವುದಕ್ಕೆ.