ಗೇಟಿನ ತನಕ ಬುತ್ತಿ

ಶಿರೋಳದಿಂದ ಧಾರವಾಡಕ್ಕ ಹೋಗೋ ನನ್ನ ಬಸ್ಸಿನ್ಯಾಗ ಮಂದಿಗಿಂತ ಬುತ್ತಿನ ಹೆಚ್ಚು. ಅಲ್ಲಿ ಓದೋ ಮಕ್ಕಳಿಗೆ ಅವ್ವಂದಿರು ದಿನಾ ರೊಟ್ಟಿ-ಪಲ್ಯ ಕಟ್ಟಿ ಕಂಡಕ್ಟರ್ ಆದ ನನ್ನ ಕೈಯಾಗ ಕೊಡ್ತಾರ. ಒಂದಿನ ಶಾಂತವ್ವ ಮಗಳ್ನ ಕರಕೊಂಡು ಬಂದಳು. ಹುಡುಗಿಗೆ ಧಾರವಾಡದಾಗ ಎರಡು ಕಡೆ ಎಮ್ಮೆಸ್ಸಿ ಸೀಟು ಸಿಕ್ಕಿತ್ತು: ಬಸ್‌ಸ್ಟ್ಯಾಂಡಿನ ಬಾಜೂಕ ಸಣ್ಣ ಮಹಿಳಾ ಕಾಲೇಜು, ದೂರದಾಗ ದೊಡ್ಡ ವಿಶ್ವವಿದ್ಯಾಲಯ.

"ಅಣ್ಣಾರ, ನಿಮ್ಮ ಬಸ್ಸು ವಿಶ್ವವಿದ್ಯಾಲಯದ ಗೇಟಿನ ತನಕ ಹೋಗತೈತೇನ್ರಿ? ಬುತ್ತಿ ಮುಟ್ಟೋ ಕಡೆ ಆದ್ರ ಹೆಸರು ಹಚ್ಚು ಅಂದಾರ ಈಕಿ ಅಪ್ಪ."

ಹುಡುಗಿ ಉಸಿರು ಹಿಡಕೊಂಡು ನನ್ನ ಮಾರಿ ನೋಡಿದಳು. ಆಕೀಗೆ ಅಲ್ಲಿನ ದೊಡ್ಡ ಲ್ಯಾಬಿನ ಆಸೆ.

"ಹೋಗತೈತ್ರಿ" ಅಂದೆ.

ಖರೇ ಅಂದ್ರ ಹೋಗಂಗಿಲ್ಲ. ಹುಡುಗಿ ಅಲ್ಲಿ ಸೇರಿದಳು; ದಿನಾ ಬಸ್ಸು ಸ್ಟ್ಯಾಂಡಿನ್ಯಾಗ ನಿಂತ ಮ್ಯಾಲೆ, ಚಾ ಕುಡಿಯೋ ಹೊತ್ತಿನ್ಯಾಗ, ನಾನೇ ಸಿಟಿ ಬಸ್ಸು ಹತ್ತಿ ಆಕಿ ಬುತ್ತಿ ಗೇಟಿಗೆ ಮುಟ್ಟಿಸಿ ಬರ್ತಿದ್ದೆ.

ದೀಪಾವಳಿ ಮುಂದ ಶಾಂತವ್ವ ತಾನೇ ಬಸ್ಸು ಹತ್ತಿದಳು. ಸ್ಟ್ಯಾಂಡಿನ್ಯಾಗ ಎಲ್ಲಾರೂ ಇಳಿದರು. ನಾ ತಲಿ ತಗ್ಗಿಸಿ ನಿಂತೆ.

"ಬಸ್ಸು ಹೋಗಂಗಿಲ್ಲಂತ ನನಗ ಅವತ್ತೇ ಗೊತ್ತಿತ್ರಿ. ಆಕಿ ಅಪ್ಪನ ಮುಂದ ಹೇಳಾಕ ನಿಮ್ಮ ಬಾಯಿಂದ ಒಂದು ಮಾತು ಬೇಕಾಗಿತ್ತು" ಅಂದು, ಚೀಲದಿಂದ ಎರಡನೇ ಬುತ್ತಿ ತಗದು ನನ್ನ ಕೈಯಾಗಿಟ್ಟಳು. "ಚಾ ಬಿಟ್ಟು ಓಡತೀರಂತ, ಮಗಳು ಹೇಳ್ಯಾಳ."

ಅವತ್ತಿನಿಂದ ಆ ಮನಿಯಿಂದ ಎರಡು ಬುತ್ತಿ ಬರ್ತಾವ. ಬಸ್ಸು ಮಾತ್ರ ಇನ್ನೂ ಸ್ಟ್ಯಾಂಡಿನ್ಯಾಗ ನಿಲ್ಲತೈತಿ.